ಕಲ್ಲಾಸ್ ಧ್ವನಿ ಅಷ್ಟು ಬೇಗ ಯಾಕೆ ಹೋಯಿತು?

ಪ್ರಶ್ನೆ: ಮರಿಯಾ ಕಲ್ಲಾಸ್ ಎಂಬ ಆಪೆರಾ ಗಾಯಕಿಯ ಕೊನೆಯ ದಿನಗಳ ಬಗ್ಗೆ ಬಂದ ಸಿನಿಮಾ ನೋಡಿದೆ. ಆಮೇಲೆ ಯೂಟ್ಯೂಬಿನಲ್ಲಿ ಅವರ ಹಾಡುಗಳನ್ನು ಹುಡುಕಿ ಕೇಳಿದೆ. ಕೆಲವು ಮೈ ಜುಂ ಎನಿಸಿದವು. ಇನ್ನು ಕೆಲವದರಲ್ಲಿ ಧ್ವನಿ ಅಲುಗಾಡುತ್ತದೆ, ಮೇಲಿನ ಸ್ವರ ಕೀರಲಾಗುತ್ತದೆ. ಇಪ್ಪತ್ತನೇ ಶತಮಾನದ ಅತಿ ದೊಡ್ಡ ಸೊಪ್ರಾನೊ (ಎತ್ತರದ ದನಿಯ ಗಾಯಕಿ) ಎನ್ನುತ್ತಾರೆ. ನಲವತ್ತರ ಹೊತ್ತಿಗೆ ಧ್ವನಿಯೇ ಹೋಗಿತ್ತು ಎಂದೂ ಹೇಳುತ್ತಾರೆ. ತೂಕ ಇಳಿಸಿದ್ದರಿಂದಲೋ, ಹಡಗು ಸಾಹುಕಾರ ಒನಾಸಿಸ್ ಜೊತೆಗಿನ ಪ್ರೇಮದಿಂದಲೋ? ನಾನು ಹಿಂದೂಸ್ತಾನಿ ಕಲಿಯುತ್ತಿದ್ದೇನೆ, ಆಪೆರಾ ಏನೂ ಗೊತ್ತಿಲ್ಲ. ಅವರ ಬದುಕಿನ ಬಗ್ಗೆ ಸ್ವಲ್ಪ ವಿವರವಾಗಿ ತಿಳಿಸಿ. ಎಲ್ಲಿಂದ ಕೇಳಲು ಶುರುಮಾಡಲಿ ಎಂದೂ ಹೇಳಿ.
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಮುಖ್ಯ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಒನಾಸಿಸ್ ಕಾರಣ ಅಲ್ಲ. ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು, ಆ ಕತೆ ನಿಲ್ಲುವುದಿಲ್ಲ. ತೂಕದ ಕತೆಯಲ್ಲಿ ಸ್ವಲ್ಪ ನಿಜ ಇರಬಹುದು. ದೊಡ್ಡ ಕಾರಣ ಮಾತ್ರ ಇನ್ನೂ ಹಿಂದೆ, ಆಕೆ ಹದಿನೆಂಟರಿಂದ ಇಪ್ಪತ್ತಾರರ ವಯಸ್ಸಿನಲ್ಲಿ ಹಾಡಿದ ಪಾತ್ರಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅದನ್ನು ಒಪ್ಪಿಸಬೇಕಾದರೆ ಬದುಕನ್ನು ಮೊದಲಿಂದ ಹೇಳಬೇಕು. ಅದಕ್ಕೂ ಮುಂಚೆ, ಈ ಗಾಯನಕ್ಕೆ ದೇಹ ಎಷ್ಟು ದುಡಿಯಬೇಕು ಅನ್ನುವುದನ್ನು ಹೇಳಿಬಿಡುತ್ತೇನೆ.

ಆಪೆರಾ ಎಂದರೆ ಹಾಡಿನಲ್ಲೇ ನಡೆಯುವ ನಾಟಕ. ಅದರಲ್ಲಿ ಮೈಕ್ ಇಲ್ಲ. ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಸುಮಾರು 2000 ಜನ ಕೂರುತ್ತಾರೆ. ನ್ಯೂಯಾರ್ಕಿನ ಹಳೆಯ ಮೆಟ್ರೊಪಾಲಿಟನ್‌ನಲ್ಲಿ 3500ಕ್ಕೂ ಹೆಚ್ಚು. ವೇದಿಕೆಯ ಮುಂದಿನ ತಗ್ಗಿನಲ್ಲಿ ಎಪ್ಪತ್ತು-ಎಂಬತ್ತು ಮಂದಿಯ ವಾದ್ಯಮೇಳ. ಇದೆಲ್ಲವನ್ನೂ ದಾಟಿ ಗಾಯಕಿಯ ಮಾತು ಕೊನೆಯ ಸಾಲಿಗೆ, ಮೇಲಿನ ಗ್ಯಾಲರಿಗೆ ಕೇಳಬೇಕು. ಕಿರುಚಿದರೆ ಒಂದೇ ರಾತ್ರಿಗೆ ಗಂಟಲು ಹೋಗುತ್ತದೆ. ಹಾಗಾಗಿ ಉಸಿರಿನ ಒತ್ತಡವನ್ನು ವಪೆ (ಎದೆ-ಹೊಟ್ಟೆಯ ನಡುವಿನ ಸ್ನಾಯು) ಮತ್ತು ಪಕ್ಕೆಲುಬಿನ ಸ್ನಾಯುಗಳಿಂದ ಹಿಡಿದಿಟ್ಟು, ಗಂಟಲು-ಬಾಯಿಯ ಪೊಳ್ಳನ್ನು ಸ್ವರಕ್ಕೆ ತಕ್ಕಂತೆ ಹೊಂದಿಸಿಕೊಂಡು ಧ್ವನಿಯನ್ನು ಮೊಳಗಿಸುತ್ತಾರೆ. ಎತ್ತರದ ಸ್ವರಗಳಲ್ಲಿ ಸೊಪ್ರಾನೊಗಳು ಬಾಯಿ ಅಗಲಿಸುವುದು ಇದಕ್ಕೇ. ಅದರಿಂದ ಸ್ವರ ದೊಡ್ಡದಾಗುತ್ತದೆ, ಆದರೆ 'ಇ', 'ಎ', 'ಅ' ಎಲ್ಲ ಒಂದೇ ಥರ ಕೇಳಿಸಿ ಪದ ಮಸುಕಾಗುತ್ತದೆ. ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ, ಕಲ್ಲಾಸ್ ವಿಷಯದಲ್ಲಿ ಬೇಕಾಗುತ್ತದೆ.

ಸೊಪ್ರಾನೊ ಎಂದರೆ ಹೆಣ್ಣುದನಿಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು. ಅದರಲ್ಲೂ ಒಳಬಗೆಗಳಿವೆ. ನಿಮ್ಮ ತಾನ್‌ಗಳ ಹಾಗೆ ಸ್ವರಗಳನ್ನು ಮಿಂಚಿನ ವೇಗದಲ್ಲಿ ಸುರಿಸುವ ಹಗುರ ಧ್ವನಿಗೆ ಕೊಲೊರಾಟುರಾ ಎನ್ನುತ್ತಾರೆ. ಜರ್ಮನ್ ಸಂಯೋಜಕ ವಾಗ್ನರನ ಭಾರೀ ವಾದ್ಯಮೇಳದ ಮೇಲೆ ನಾಲ್ಕೈದು ಗಂಟೆಯ ಆಪೆರಾವನ್ನು ಹೊತ್ತು ನಿಲ್ಲುವುದು ಡ್ರಮ್ಯಾಟಿಕ್ ಸೊಪ್ರಾನೊ. ಇವೆರಡರ ನಡುವೆ ಲಿರಿಕ್. ಒಬ್ಬ ಗಾಯಕಿ ಸಾಮಾನ್ಯವಾಗಿ ಒಂದು ಬಗೆಯನ್ನು ಆರಿಸಿಕೊಂಡು ಅದರಲ್ಲೇ ಜೀವನ ಕಳೆಯುತ್ತಾಳೆ. ಧ್ವನಿ ಉಳಿಸಿಕೊಳ್ಳುವ ದಾರಿಯೂ ಅದೇ.

ಮರಿಯಾ ಹುಟ್ಟಿದ್ದು 1923ರ ಡಿಸೆಂಬರಿನಲ್ಲಿ, ನ್ಯೂಯಾರ್ಕಿನಲ್ಲಿ. ತಂದೆ-ತಾಯಿ ಕೆಲವೇ ತಿಂಗಳ ಹಿಂದೆ ಗ್ರೀಸಿನಿಂದ ಬಂದವರು. ಮನೆತನದ ಹೆಸರು ಕಲೊಗೆರೊಪೌಲೊಸ್. ಅಮೆರಿಕದವರ ನಾಲಿಗೆಗೆ ಹೊರಳದ ಹೆಸರನ್ನು ತಂದೆ ಕಲ್ಲಾಸ್ ಎಂದು ಮೊಟಕು ಮಾಡಿದರು. ಅವರದು ಔಷಧಿ ವ್ಯಾಪಾರ. ಮಗಳು ಹುಟ್ಟುವ ಮೊದಲು ತೀರಿಹೋಗಿದ್ದ ಗಂಡುಮಗುವಿನ ದುಃಖದಲ್ಲಿದ್ದ ತಾಯಿಗೆ ಮತ್ತೆ ಗಂಡೇ ಆಗಲಿ ಎಂಬ ಆಸೆ. ಈ ಮಗಳನ್ನು ಆಕೆ ಮನಸಾರೆ ಒಪ್ಪಲಿಲ್ಲ ಎನ್ನುವ ಕೊರಗು ಮರಿಯಾಗೆ ಕೊನೆಯವರೆಗೂ ಇತ್ತು. ಹುಡುಗಿ ಹಾಡುತ್ತಾಳೆ ಎಂದು ಗೊತ್ತಾದ ಮೇಲೆ ತಾಯಿ ಅದನ್ನೇ ಹಿಡಿದುಕೊಂಡರು. ಗಂಡನ ಜೊತೆ ಹೊಂದಿಕೆಯಾಗದೆ 1937ರಲ್ಲಿ ಹೆಣ್ಣುಮಕ್ಕಳಿಬ್ಬರನ್ನೂ ಕರೆದುಕೊಂಡು ಅಥೆನ್ಸಿಗೆ ವಾಪಸಾದರು.

ಅಥೆನ್ಸಿನಲ್ಲಿ ಮರಿಯಾಗೆ ಸಿಕ್ಕಿದ ಮುಖ್ಯ ಗುರು ಎಲ್ವಿರಾ ದೆ ಹಿಡಾಲ್ಗೊ, ಒಂದು ಕಾಲದಲ್ಲಿ ಹೆಸರು ಮಾಡಿದ್ದ ಸ್ಪ್ಯಾನಿಷ್ ಕೊಲೊರಾಟುರಾ. ಶಿಷ್ಯೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಸಂಜೆ ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು ಎಂದು ಆ ಗುರು ನೆನಪಿಸಿಕೊಂಡಿದ್ದಾರೆ. ತನ್ನ ಪಾಠ ಮುಗಿದ ಮೇಲೂ ಮೂಲೆಯಲ್ಲಿ ಕೂತು ಉಳಿದವರ ಪಾಠವನ್ನೆಲ್ಲ ಕೇಳುತ್ತಿದ್ದ ಹುಡುಗಿ. ಗುರುಕುಲದ ಅಭ್ಯಾಸ ಇರುವ ನಿಮಗೆ ಇದು ಹೊಸದೇನಲ್ಲ. ಕಡುಕಪ್ಪು ದಪ್ಪ ಧ್ವನಿಯ ಈ ಹುಡುಗಿಗೆ ಹಿಡಾಲ್ಗೊ ಭಾರದ ಹಾಡುಗಳನ್ನಷ್ಟೇ ಕೊಡದೆ, ಹಗುರ ಧ್ವನಿಗಳಿಗೆಂದು ಮೀಸಲಾಗಿದ್ದ ವೇಗದ ಅಲಂಕಾರಗಳನ್ನೆಲ್ಲ ತಿದ್ದಿ ತಿದ್ದಿ ಕಲಿಸಿದರು. ದಪ್ಪ ಧ್ವನಿಯಲ್ಲಿ ಆ ಚುರುಕು ಅಪರೂಪ. ಕಲ್ಲಾಸ್ ಮುಂದೆ ಮಾಡಿದ್ದಕ್ಕೆಲ್ಲ ಅಡಿಪಾಯ ಇಲ್ಲೇ ಬಿತ್ತು.

ಆದರೆ ಹೊರಗೆ ಯುದ್ಧ. 1941ರಲ್ಲಿ ಗ್ರೀಸ್ ನಾಜಿ ಸೇನೆಯ ವಶವಾಯಿತು. ಆ ಚಳಿಗಾಲದಲ್ಲಿ ಅಥೆನ್ಸಿನ ಬೀದಿಗಳಲ್ಲಿ ಜನ ಹಸಿವಿನಿಂದ ಸತ್ತರು. ಹಾಡಿದರೆ ಊಟ ಎಂಬ ಪರಿಸ್ಥಿತಿ. ಹದಿನೆಂಟರ ಹುಡುಗಿ 1942ರಲ್ಲಿ ಪೂಚ್ಚಿನಿಯ 'ಟೋಸ್ಕಾ' ಹಾಡಿದಳು. 1944ರಲ್ಲಿ ಅಕ್ರೊಪೊಲಿಸ್ ಬುಡದ ಹೆರೋಡಿಸ್ ಅಟಿಕಸ್ ಬಯಲುರಂಗದಲ್ಲಿ ಬೇಥೊವನ್‌ನ 'ಫಿಡೆಲಿಯೊ'. ಎರಡೂ ಮೂವತ್ತು ದಾಟಿದ ಗಾಯಕಿಯರು ಎಚ್ಚರಿಕೆಯಿಂದ ಮುಟ್ಟುವ ಪಾತ್ರಗಳು.

ಯುದ್ಧ ಮುಗಿದ ಮೇಲೆ ಅಮೆರಿಕಕ್ಕೆ ಮರಳಿ ಎರಡು ವರ್ಷ ಅಲೆದದ್ದರಿಂದ ಹೆಚ್ಚೇನೂ ಗಿಟ್ಟಲಿಲ್ಲ. ಕೊನೆಗೆ ಇಟಲಿಯ ವೆರೊನಾದಿಂದ ಕರೆ ಬಂತು. ರೋಮನ್ನರ ಕಾಲದ ಬೃಹತ್ ಬಯಲುರಂಗ ಅದು. ತಾಲೀಮಿನಲ್ಲಿ ಬಿದ್ದು ಕಾಲು ಉಳುಕಿಸಿಕೊಂಡಿದ್ದರೂ 1947ರ ಆಗಸ್ಟ್ 2ರಂದು ಅಲ್ಲಿ 'ಲಾ ಜೊಕೊಂಡಾ' ಹಾಡಿದರು. ಆ ಊರಿನಲ್ಲೇ ಇಬ್ಬರ ಪರಿಚಯವಾಯಿತು. ಒಬ್ಬರು ಇಟ್ಟಿಗೆ ಕಾರ್ಖಾನೆಯ ಮಾಲೀಕ ಜೊವಾನಿ ಬಾಟಿಸ್ಟಾ ಮೆನೆಗಿನಿ, ವಯಸ್ಸಿನಲ್ಲಿ ಬಹಳ ಹಿರಿಯರು, 1949ರಲ್ಲಿ ಆಕೆಯ ಗಂಡನಾದವರು. ಇನ್ನೊಬ್ಬರು ಕೋಲು ಹಿಡಿದು ವಾದ್ಯಮೇಳ ನಡೆಸುವ ಸಂಗೀತ ನಿರ್ದೇಶಕ ತುಲಿಯೊ ಸೆರಾಫಿನ್. ಗಂಡನಿಗಿಂತ ಈ ಎರಡನೆಯವರೇ ಆಕೆಯ ಬದುಕನ್ನು ಹೆಚ್ಚು ಬದಲಿಸಿದರು. ನಟಿಸುವುದು ಹೇಗೆ, ಕೈ ಎಲ್ಲಿಡಬೇಕು ಎಂದು ಹೊರಗೆ ಹುಡುಕಬೇಡ, ಸಂಗೀತವನ್ನು ಸರಿಯಾಗಿ ಕೇಳಿಸಿಕೊಂಡರೆ ಎಲ್ಲ ಅದರಲ್ಲೇ ಬರೆದಿದೆ ಎಂದು ಸೆರಾಫಿನ್ ಹೇಳಿಕೊಟ್ಟದ್ದನ್ನು ಆಕೆ ಕೊನೆಯವರೆಗೂ ಹೇಳುತ್ತಿದ್ದರು.

ವೆರೊನಾದ ನಂತರ ಹೊಸ ಅವಕಾಶಗಳು ಸಾಲುಗಟ್ಟಿ ಬರಲಿಲ್ಲ. ವೆನಿಸ್‌ಗೆ ವಾಗ್ನರನ ಇಸೋಲ್ಡೆ ಪಾತ್ರಕ್ಕೆ ಗಾಯಕಿ ಬೇಕಾದಾಗ ಸೆರಾಫಿನ್ ಕೇಳಿದ್ದು: ಈ ಪಾತ್ರ ಗೊತ್ತಾ? ಗೊತ್ತು ಎಂದು ಹಸಿ ಸುಳ್ಳು ಹೇಳಿ, ಪುಸ್ತಕ ನೋಡಿಕೊಂಡೇ ಹಾಡಿ ತೋರಿಸಿ, ಪಾತ್ರ ಗಿಟ್ಟಿಸಿಕೊಂಡರು. ಅಲ್ಲಿಂದ ಎರಡು ವರ್ಷ ಭಾರದ ಪಾತ್ರಗಳೇ: ಇಸೋಲ್ಡೆ, ಟುರಾಂಡೊಟ್, ಐಡಾ, ಬ್ರೂನ್‌ಹಿಲ್ಡೆ, ಕುಂಡ್ರಿ, 'ನಬುಕ್ಕೊ'ದ ಅಬಿಗೈಲೆ. ಆಪೆರಾ ಗೊತ್ತಿರುವ ಯಾರಿಗಾದರೂ ಈ ಪಟ್ಟಿ ಓದಿಸಿ, ವಯಸ್ಸು ಇಪ್ಪತ್ತಾರರ ಒಳಗೆ ಎಂದು ಹೇಳಿ ನೋಡಿ, ಹುಬ್ಬೇರಿಸುತ್ತಾರೆ.

1949ರ ಜನವರಿಯಲ್ಲಿ ವೆನಿಸ್‌ನ ಲಾ ಫೆನಿಚೆಯಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಆಕೆ ಅಲ್ಲಿ ವಾಗ್ನರನ 'ದಿ ವಾಲ್ಕ್ಯೂರೆ'ಯಲ್ಲಿ ಈಟಿ ಹಿಡಿದ ರಣದೇವತೆ ಬ್ರೂನ್‌ಹಿಲ್ಡೆಯನ್ನು ಹಾಡುತ್ತಿದ್ದರು. ಅದೇ ಮಂದಿರದಲ್ಲಿ ಮುಂದಿನ ಪ್ರಯೋಗ ಬೆಲ್ಲಿನಿಯ 'ಇ ಪುರಿತಾನಿ'. ಅದರ ನಾಯಕಿ ಎಲ್ವಿರಾ ಬುದ್ಧಿ ಕಲಕಿದ ಎಳೆಯ ಹುಡುಗಿ, ಹಕ್ಕಿಯಂಥ ಹಗುರ ಧ್ವನಿಗೆ ಮೀಸಲಾದ ಪಾತ್ರ. ಅದನ್ನು ಹಾಡಬೇಕಿದ್ದ ಮಾರ್ಗರಿಟಾ ಕರೊಸಿಯೊ ಕಾಯಿಲೆ ಬಿದ್ದರು. ಹೋಟೆಲಿನಲ್ಲಿ ಕಲ್ಲಾಸ್ ಸುಮ್ಮನೆ ಆ ಆಪೆರಾದ ಒಂದು ಹಾಡನ್ನು ನೋಡಿಕೊಂಡು ಗುನುಗುತ್ತಿದ್ದದ್ದು ಸೆರಾಫಿನ್ ಹೆಂಡತಿಯ ಕಿವಿಗೆ ಬಿತ್ತಂತೆ. ಮರುದಿನ ಸೆರಾಫಿನ್ ಕರೆಸಿ, ವಾರದೊಳಗೆ ಎಲ್ವಿರಾ ಕಲಿತು ಹಾಡು ಎಂದರು. ನನ್ನ ಧ್ವನಿ ಭಾರ, ಮೇಲೆ ಇನ್ನೂ ಬ್ರೂನ್‌ಹಿಲ್ಡೆ ಪ್ರಯೋಗಗಳು ಬಾಕಿ ಇವೆ ಎಂದು ಈಕೆ ಅಂದರೂ ಬಿಡಲಿಲ್ಲ. ಹಗಲು ಎಲ್ವಿರಾ ಕಲಿಕೆ, ರಾತ್ರಿ ಬ್ರೂನ್‌ಹಿಲ್ಡೆ. ಜನವರಿ 19ರಂದು ಎಲ್ವಿರಾ ಹಾಡಿದಾಗ ಇಟಲಿಯ ಸಂಗೀತಲೋಕ ಬೆಚ್ಚಿಬಿತ್ತು. ಇದು ಶತಮಾನದ ಹಿಂದಿನ ಗಾಯಕಿಯರ ಬಗ್ಗೆ ಪುಸ್ತಕದಲ್ಲಿ ಓದುವಂಥ ಸಂಗತಿ, ಕಣ್ಣೆದುರು ಆಗುವಂಥದ್ದಲ್ಲ ಎಂದೇ ಎಲ್ಲರೂ ನಂಬಿದ್ದರು.

ಇದರ ಪರಿಣಾಮ ಒಬ್ಬ ಗಾಯಕಿಯ ಹೆಸರಿಗೆ ಮುಗಿಯಲಿಲ್ಲ. ಬೆಲ್ಲಿನಿ, ದೊನಿಜೆಟ್ಟಿ, ರೊಸ್ಸಿನಿಯರ ಬೆಲ್ ಕಾಂಟೊ (ಇಂಪಾದ ಉದ್ದನೆಯ ಸಾಲು, ವೇಗದ ಅಲಂಕಾರಗಳ ಇಟಾಲಿಯನ್ ಶೈಲಿ) ಆಪೆರಾಗಳು ಆ ಹೊತ್ತಿಗೆ ಒಂದೋ ಮೂಲೆ ಸೇರಿದ್ದವು, ಇಲ್ಲವೇ ಚೆಂದದ ಕಸರತ್ತು ಎಂಬಂತೆ ಹಾಡಲ್ಪಡುತ್ತಿದ್ದವು. ಕಲ್ಲಾಸ್ ಬಾಯಲ್ಲಿ ಆ ಓಡುವ ಸ್ವರಗಳಿಗೆ ಕಾರಣ ಸಿಕ್ಕಿತು. ಬುದ್ಧಿ ಕಲಕಿದ ಹುಡುಗಿಯ ಸ್ವರಮಾಲೆ ಕಲಕಿದ ಬುದ್ಧಿಯೇ ಆಗಿ ಕೇಳಿಸಿತು. ರೊಸ್ಸಿನಿಯ 'ಅರ್ಮಿಡಾ', ಕೆರುಬಿನಿಯ 'ಮೆಡಿಯಾ', ದೊನಿಜೆಟ್ಟಿಯ 'ಅನ್ನಾ ಬೊಲೆನಾ' ಒಂದೊಂದಾಗಿ ಧೂಳು ಕೊಡವಿಕೊಂಡು ಎದ್ದವು. 1952ರಲ್ಲಿ ಲಂಡನ್‌ನ ಕೋವೆಂಟ್ ಗಾರ್ಡನ್‌ನಲ್ಲಿ ಆಕೆ ಮೊದಲ ಸಲ 'ನಾರ್ಮಾ' ಹಾಡಿದಾಗ ಸಖಿಯ ಚಿಕ್ಕ ಪಾತ್ರದಲ್ಲಿ ಪಕ್ಕ ನಿಂತಿದ್ದ ಹುಡುಗಿ ಜೋನ್ ಸದರ್‌ಲ್ಯಾಂಡ್. ಏಳು ವರ್ಷದ ನಂತರ ಅದೇ ವೇದಿಕೆಯಲ್ಲಿ 'ಲುಚಿಯಾ' ಹಾಡಿ ಜಗತ್ಪ್ರಸಿದ್ಧಳಾದವಳು. ಸದರ್‌ಲ್ಯಾಂಡ್, ಮೊನ್ಸೆರಾತ್ ಕಬಾಯೆ, ಬೆವರ್ಲಿ ಸಿಲ್ಸ್ ನಡೆದ ದಾರಿಯನ್ನು ಕಡಿದು ಕೊಟ್ಟದ್ದು ಕಲ್ಲಾಸ್. ಅವರಲ್ಲಿ ಕೆಲವರ ಧ್ವನಿ ಈಕೆಯದಕ್ಕಿಂತ ಸುಂದರ ಎಂದರೆ ನಾನು ವಾದಕ್ಕೆ ಇಳಿಯುವುದಿಲ್ಲ.

1951ರ ಡಿಸೆಂಬರ್ 7ರಂದು ಲಾ ಸ್ಕಾಲಾದ ಋತುವಿನ ಮೊದಲ ರಾತ್ರಿ ಆಕೆಯದಾಯಿತು. ಅಲ್ಲಿಂದ ಏಳು ವರ್ಷ ಆ ಮಂದಿರದ ರಾಣಿ. 1953ರಲ್ಲಿ ಅಲ್ಲೇ 'ಟೋಸ್ಕಾ' ಧ್ವನಿಮುದ್ರಣ ಆಯಿತು. ಸಂಗೀತ ನಿರ್ದೇಶಕ ವಿಕ್ಟರ್ ದೆ ಸಬಾಟಾ, ಜೊತೆಗೆ ಹಾಡಿದವರು ಜುಸೆಪ್ಪೆ ದಿ ಸ್ಟೆಫಾನೊ, ಟಿಟೊ ಗೊಬ್ಬಿ. ಎರಡನೆಯ ಅಂಕದ ಕೊನೆಯಲ್ಲಿ ತನ್ನನ್ನು ಪೀಡಿಸಿದ ಪೊಲೀಸ್ ಮುಖ್ಯಸ್ಥನನ್ನು ಇರಿದು ಕೊಂದ ಟೋಸ್ಕಾ, ಹೆಣವನ್ನು ನೋಡುತ್ತಾ, ಇವನ ಮುಂದೆ ಇಡೀ ರೋಮ್ ನಡುಗುತ್ತಿತ್ತಲ್ಲ ಎಂದು ಒಂದೇ ಸ್ವರದಲ್ಲಿ ಹೇಳುವ ಮಾತಿದೆ. ಆ ಒಂದು ಸಾಲಿಗೆ ದೆ ಸಬಾಟಾ ಆಕೆಯಿಂದ ಅರ್ಧ ಗಂಟೆ ಕೆಲಸ ಮಾಡಿಸಿದರು ಎಂದು ಮುದ್ರಣದ ಹೊಣೆ ಹೊತ್ತಿದ್ದ ವಾಲ್ಟರ್ ಲೆಗ್ ಬರೆದಿದ್ದಾರೆ. ಕೇಳಿ ನೋಡಿ. ಅದರಲ್ಲಿ ಗೆಲುವಿಲ್ಲ, ದ್ವೇಷವೂ ಹೆಚ್ಚಿಲ್ಲ. ಇಷ್ಟೇನಾ ಇವನು ಅನ್ನುವ ಧಾಟಿ ಇದೆ.

ಇನ್ನೊಂದು ವಿಚಿತ್ರ: ಆಕೆಗೆ ಕಣ್ಣು ಬಹಳ ಮಂದ. ಕನ್ನಡಕ ಇಲ್ಲದೆ ವೇದಿಕೆಯಿಂದ ನಿರ್ದೇಶಕರ ಕೋಲು ಕಾಣುತ್ತಿರಲಿಲ್ಲ. ಹಾಗಾಗಿ ಪ್ರತಿ ಪ್ರವೇಶವನ್ನೂ, ಎದುರಿಗೆ ಹಾಡುವವರ ಪಾತ್ರವನ್ನೂ ಸೇರಿಸಿ, ಸಂಪೂರ್ಣ ಬಾಯಿಪಾಠ ಮಾಡಿಕೊಂಡೇ ಬರುತ್ತಿದ್ದರು. ತಾಲೀಮಿಗೆ ಅರೆಬರೆ ಸಿದ್ಧವಾಗಿ ಬರುವ ಸಹಗಾಯಕರ ಮೇಲೆ ಆಕೆಗೆ ಸಿಟ್ಟು ಬರುತ್ತಿದ್ದದ್ದು ಆಶ್ಚರ್ಯವಲ್ಲ. ಜಗಳಗಂಟಿ ಎಂಬ ಹೆಸರಿನ ಅರ್ಧ ಭಾಗ ಹುಟ್ಟಿದ್ದು ಅಲ್ಲಿಂದ.

ಈಗ ತೂಕ. 1953ರಿಂದ 54ರ ಒಳಗೆ ಆಕೆ ಸುಮಾರು 36 ಕಿಲೊ ಇಳಿದರು. ಹೊಟ್ಟೆಯಲ್ಲಿ ಲಾಡಿಹುಳು ಬಿಟ್ಟುಕೊಂಡರು ಎಂಬ ಗಾಳಿಮಾತು ಇಂದಿಗೂ ಓಡಾಡುತ್ತದೆ. ಆಕೆ ಅದನ್ನು ಅಲ್ಲಗಳೆದಿದ್ದರು. ನಮ್ಮ ಪಾಸ್ತಾ ತಿಂದೇ ಇಳಿದದ್ದು ಎಂದು ರೋಮ್‌ನ ಒಂದು ಕಂಪನಿ ಜಾಹೀರಾತು ಮಾಡಿಕೊಂಡು, ಅದು ಕೋರ್ಟಿಗೂ ಹೋಯಿತು. ಇಳಿದದ್ದರಿಂದ ವೇದಿಕೆಯ ಮೇಲೆ ಬೇರೆಯೇ ವ್ಯಕ್ತಿ ಬಂದಂತಾಯಿತು. ರಂಗನಿರ್ದೇಶಕ ಲುಕಿನೊ ವಿಸ್ಕೊಂಟಿ ಆಕೆಗಾಗಿಯೇ ಲಾ ಸ್ಕಾಲಾದಲ್ಲಿ ಆಪೆರಾ ಕಟ್ಟಲು ಬಂದರು. 1955ರ ಮೇ 28ರ 'ಲಾ ಟ್ರಾವಿಯಾಟಾ' ಅವುಗಳಲ್ಲಿ ಮೇಲು. ಮೊದಲ ಅಂಕದ ಕೊನೆಯಲ್ಲಿ, ಔತಣಕ್ಕೆ ಬಂದವರೆಲ್ಲ ಹೋದ ಮೇಲೆ, ನಾಯಕಿ ವಯೊಲೆಟ್ಟಾ ಕಾಲಿನ ಚಪ್ಪಲಿಗಳನ್ನು ಒದರಿ ಎಸೆದು ಹಾಡಿದಳು. ಸಂಪ್ರದಾಯಸ್ಥರು ಕೆಂಡವಾದರು. ಕೊನೆಯ ಅಂಕದಲ್ಲಿ ಹೊರಗೆ ಹೊರಟವಳಂತೆ ಟೋಪಿ, ಕೋಟು ಹಾಕಿಕೊಂಡು, ಕಣ್ಣು ತೆರೆದುಕೊಂಡೇ ಸತ್ತಳು. ಚಪ್ಪಾಳೆಯೆಲ್ಲ ಈಕೆಗೇ ಬಿದ್ದದ್ದು ಸಹಿಸದೆ ನಾಯಕ ದಿ ಸ್ಟೆಫಾನೊ ಮೊದಲ ರಾತ್ರಿಯ ನಂತರ ಆ ಪ್ರಯೋಗವನ್ನೇ ಬಿಟ್ಟು ಹೋದರು.

ತೂಕ ಇಳಿದದ್ದೇ ಧ್ವನಿಯನ್ನು ತಿಂದಿತು ಎನ್ನುವವರು ಈ ವರ್ಷಕ್ಕೆ ಉತ್ತರ ಕೊಡಬೇಕು. ಟ್ರಾವಿಯಾಟಾ, ಅದೇ ಸೆಪ್ಟೆಂಬರಿನಲ್ಲಿ ಬರ್ಲಿನ್‌ನಲ್ಲಿ ಕರಾಯನ್ ನಿರ್ದೇಶನದ 'ಲುಚಿಯಾ', ಡಿಸೆಂಬರಿನಲ್ಲಿ ಲಾ ಸ್ಕಾಲಾದ 'ನಾರ್ಮಾ': ಆಕೆಯ ಅತ್ಯುತ್ತಮ ಹಾಡುಗಾರಿಕೆ ಎಂದು ಬಹುಪಾಲು ರಸಿಕರು ಎಣಿಸುವ ಮೂರೂ ಇಳಿದ ಮೇಲಿನವು. ಹಾಗೆಂದು ಪೂರ್ತಿ ತಳ್ಳಿಹಾಕುವುದೂ ಸರಿಯಲ್ಲ. ಉಸಿರನ್ನು ಹಿಡಿದಿಡುವ ಸ್ನಾಯುಗಳ ಸುತ್ತಲಿನ ದೇಹ ಅಷ್ಟು ಬೇಗ ಬದಲಾದರೆ ಹಳೆಯ ಅಭ್ಯಾಸದ ಆಸರೆ ತಪ್ಪುತ್ತದೆ. ಮೊದಲೇ ದಣಿದ ಧ್ವನಿಗೆ ಇದು ಹೆಚ್ಚುವರಿ ಹೊರೆ.

ದಣಿವು ಎಲ್ಲಿ ಕೇಳಿಸುತ್ತದೆ? ನೀವು ಗುರುತಿಸಿದ ಅಲುಗಾಟದಲ್ಲಿ. ಆಪೆರಾ ಧ್ವನಿಯಲ್ಲಿ ಸಹಜವಾಗಿಯೇ ಒಂದು ಕಂಪನ ಇರುತ್ತದೆ, ಸೆಕೆಂಡಿಗೆ ಸುಮಾರು ಆರು ಸಲ. ನಮ್ಮ ಕಿವಿ ಅದನ್ನು ಅಲುಗಾಟ ಎಂದು ಎಣಿಸುವುದಿಲ್ಲ, ಧ್ವನಿಯ ಹೊಳಪು ಎಂದು ಕೇಳಿಸಿಕೊಳ್ಳುತ್ತದೆ. ಸ್ನಾಯುಗಳು ಸೋತಾಗ ಆ ಕಂಪನ ನಿಧಾನವಾಗಿ, ಅಗಲವಾಗುತ್ತದೆ. ಆಗ ಸ್ವರ ನಿಂತ ಕಡೆ ನಿಲ್ಲದೆ ತೂಗಾಡುತ್ತದೆ. ಕಲ್ಲಾಸ್ ಧ್ವನಿಯಲ್ಲಿ ಮೇಲಿನ ಸ್ವರಗಳ ಈ ತೂಗಾಟವನ್ನು ಐವತ್ತರ ದಶಕದ ನಡುವಿನಲ್ಲೇ ವಿಮರ್ಶಕರು ಗುರುತಿಸಿದ್ದರು. ಅಷ್ಟು ಹೊತ್ತಿಗೆ ಒನಾಸಿಸ್ ಪರಿಚಯವೇ ಆಗಿರಲಿಲ್ಲ.

ಆ ಪರಿಚಯವಾದದ್ದು 1957ರ ಸೆಪ್ಟೆಂಬರಿನಲ್ಲಿ. ಲಾ ಸ್ಕಾಲಾ ತಂಡದೊಂದಿಗೆ ಎಡಿನ್‌ಬರೊಗೆ ಹೋಗಿ ಕರಾರಿನಂತೆ ನಾಲ್ಕು ಪ್ರಯೋಗ ಹಾಡಿದ್ದರು. ಆಡಳಿತದವರು ಐದನೆಯದನ್ನೂ ಸೇರಿಸಿ ಪ್ರಕಟಿಸಿಬಿಟ್ಟಿದ್ದರು. ಕರಾರಿನಲ್ಲಿಲ್ಲ ಎಂದು ಹೇಳಿ ಈಕೆ ಹೊರಟು ವೆನಿಸ್‌ನ ಒಂದು ಔತಣಕೂಟಕ್ಕೆ ಹೋದರು. ಬದಲಿಗೆ ಹಾಡಿದ ರೆನಾಟಾ ಸ್ಕೊಟ್ಟೊ ಆ ಒಂದು ರಾತ್ರಿಯಿಂದ ಹೆಸರಾದರು. ಪತ್ರಿಕೆಗಳಿಗೆ ಓಡಿಹೋದ ಕಲ್ಲಾಸ್ ಸಿಕ್ಕಿದರು. ಔತಣದಲ್ಲಿ ಹಡಗು ಸಾಹುಕಾರ ಒನಾಸಿಸ್ ಎದುರಾದರು. ಅದು ಪ್ರೇಮವಾದದ್ದು ಇನ್ನೂ ಎರಡು ವರ್ಷದ ಮೇಲೆ, 1959ರ ಬೇಸಿಗೆಯಲ್ಲಿ, 'ಕ್ರಿಸ್ಟೀನಾ' ಹಡಗಿನ ವಿಹಾರದಲ್ಲಿ. ಚರ್ಚಿಲ್ ಕೂಡ ಆ ಹಡಗಿನಲ್ಲಿದ್ದರು, ಗಂಡ ಮೆನೆಗಿನಿಯೂ ಇದ್ದರು.

ನಡುವಿನ 1958 ಆಕೆಯ ಪಾಲಿಗೆ ಕೆಟ್ಟ ವರ್ಷ. ಜನವರಿ 2ರಂದು ರೋಮ್‌ನಲ್ಲಿ 'ನಾರ್ಮಾ', ಎದುರಿಗೆ ಇಟಲಿಯ ರಾಷ್ಟ್ರಾಧ್ಯಕ್ಷ ಗ್ರೊಂಕಿ. ಗಂಟಲು ಕೆಟ್ಟಿತ್ತು. ಮೊದಲ ಅಂಕ ಮುಗಿಸಿ, ಮುಂದೆ ಹಾಡಲಾರೆ ಎಂದರು. ಬದಲಿ ಗಾಯಕಿಯನ್ನು ಇಟ್ಟುಕೊಂಡಿರಲಿಲ್ಲ. ಪ್ರಯೋಗ ಅಲ್ಲಿಗೇ ನಿಂತಿತು. ಊರೆಲ್ಲ ಬೈದದ್ದು ಗಾಯಕಿಯನ್ನು. ವರ್ಷಗಳ ನಂತರ ನ್ಯಾಯಾಲಯ ತೀರ್ಪು ಕೊಟ್ಟದ್ದು ಆಕೆಯ ಪರವಾಗಿ, ಆದರೆ ಅಷ್ಟರಲ್ಲಿ ಯಾರಿಗೆ ಬೇಕಿತ್ತು? ನವೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕೂಡ ಕರಾರು ರದ್ದು ಮಾಡಿತು. ಭಾರದ 'ಮ್ಯಾಕ್‌ಬೆತ್' ಮತ್ತು ಹಗುರದ 'ಟ್ರಾವಿಯಾಟಾ'ವನ್ನು ಒಂದರ ಹಿಂದೆ ಒಂದು ಹಾಡುವುದಿಲ್ಲ ಎಂದದ್ದೇ ಆ ಜಗಳದ ಮೂಲ. ಇಲ್ಲಿ ಗಮನಿಸಿ: ಇಪ್ಪತ್ತೈದರಲ್ಲಿ ಬ್ರೂನ್‌ಹಿಲ್ಡೆ, ಎಲ್ವಿರಾ ಎರಡನ್ನೂ ಒಟ್ಟಿಗೆ ಹೊತ್ತವರು ಮೂವತ್ತೈದಕ್ಕೆ ಆಗುವುದಿಲ್ಲ ಎನ್ನುತ್ತಿದ್ದಾರೆ. ಪತ್ರಿಕೆಗಳು ಇದನ್ನು ಧಿಮಾಕು ಎಂದು ಬರೆದವು. ನನಗೆ ಕಾಣುವುದು ತನ್ನ ಧ್ವನಿಯ ಸ್ಥಿತಿ ಚೆನ್ನಾಗಿ ಗೊತ್ತಿದ್ದ ಕಸುಬುದಾರಳ ಲೆಕ್ಕಾಚಾರ.

ಕಾಯಿಲೆಯ ವಾದವೂ ಒಂದಿದೆ. ಸ್ನಾಯುಗಳನ್ನು ದುರ್ಬಲಗೊಳಿಸುವ ಡರ್ಮಟೊಮಯೊಸೈಟಿಸ್ ಆಕೆಗಿತ್ತು, ಧ್ವನಿ ಕುಸಿದದ್ದು ಅದರಿಂದ ಎಂದು ಇಟಲಿಯ ಇಬ್ಬರು ಧ್ವನಿತಜ್ಞರು ಹಳೆಯ ಮುದ್ರಣಗಳನ್ನು ವಿಶ್ಲೇಷಿಸಿ 2010ರಲ್ಲಿ ಹೇಳಿದರು. ಆಕೆಯೇ ಕೊನೆಯ ವರ್ಷದ ಸಂದರ್ಶನವೊಂದರಲ್ಲಿ, ಹೋದದ್ದು ಧ್ವನಿಯಲ್ಲ, ವಪೆಯ ಬಲ. ಅದರ ಹಿಂದೆ ಧೈರ್ಯವೂ ಹೋಯಿತು ಎಂಬರ್ಥದ ಮಾತಾಡಿದ್ದರು. ಎರಡೂ ಒಂದಕ್ಕೊಂದು ಹೊಂದುತ್ತವೆ. ನನ್ನ ಅಂದಾಜು ಹೀಗೆ: ಎಳೆಯ ವಯಸ್ಸಿನ ಅತಿಭಾರದಿಂದ ಬಿರುಕು ಬಿತ್ತು, ತೂಕದ ಬದಲಾವಣೆ ಅದನ್ನು ಅಗಲಿಸಿತು, ಕಾಯಿಲೆ ಇದ್ದಿದ್ದರೆ ಅದು ಉಳಿದದ್ದನ್ನು ಮುಗಿಸಿತು. ಒನಾಸಿಸ್‌ನಿಂದ ಆದದ್ದು ಇಷ್ಟೇ, ದಿನಾ ಸಾಧನೆ ಮಾಡಲೇಬೇಕು ಎಂಬ ಕಟ್ಟುಪಾಡಿನಿಂದ ಆಕೆಗೆ ಬಿಡುಗಡೆಯ ಒಂದು ನೆಪ ಸಿಕ್ಕಿತು.

ಆಮೇಲಿನದನ್ನು ಬೇಗ ಹೇಳಿಬಿಡಬಹುದು. ಪ್ರಯೋಗಗಳು ವರ್ಷವರ್ಷಕ್ಕೆ ಕಡಿಮೆಯಾದವು. 1964ರಲ್ಲಿ ರಂಗನಿರ್ದೇಶಕ ಜೆಫಿರೆಲ್ಲಿ ಕೋವೆಂಟ್ ಗಾರ್ಡನ್‌ನಲ್ಲಿ 'ಟೋಸ್ಕಾ' ಕಟ್ಟಿದರು. ಅದೇ ಟೋಸ್ಕಾವನ್ನು ಅಲ್ಲೇ 1965ರ ಜುಲೈ 5ರಂದು ಹಾಡಿದ್ದು ಆಕೆಯ ಕೊನೆಯ ಆಪೆರಾ ಪ್ರಯೋಗ. ವಯಸ್ಸು ನಲವತ್ತೊಂದು. 1968ರಲ್ಲಿ ಒನಾಸಿಸ್ ಕೆನಡಿಯ ವಿಧವೆ ಜಾಕಲೀನ್‌ರನ್ನು ಮದುವೆಯಾದರು. ಪಸೊಲಿನಿಯ ಸಿನಿಮಾದಲ್ಲಿ ಆಕೆ ಮೆಡಿಯಾ ಆಗಿ ನಟಿಸಿದರು, ಹಾಡದೆ. 1971-72ರಲ್ಲಿ ನ್ಯೂಯಾರ್ಕಿನ ಜೂಲಿಯಾರ್ಡ್ ಸಂಗೀತಶಾಲೆಯಲ್ಲಿ ಪಾಠ ಮಾಡಿದರು. ಅದರ ಮುದ್ರಣಗಳು ಸಿಗುತ್ತವೆ. ಹಾಡುಗಾರಿಕೆ ಕಲಿಯುವವರು ಕೇಳಲೇಬೇಕು, ಯಾವ ಪದ್ಧತಿಯವರಾದರೂ ಸರಿ. ಆಕೆ ತಿದ್ದುವುದು ಬರೀ ಸ್ವರವನ್ನಲ್ಲ, ಈ ಪದ ಹೇಳುವಾಗ ನಿನ್ನ ಮನಸ್ಸಿನಲ್ಲೇನಿದೆ ಎಂಬುದನ್ನು. 1973-74ರಲ್ಲಿ ದಿ ಸ್ಟೆಫಾನೊ ಜೊತೆ ಜಗತ್ತು ಸುತ್ತಿದ ಕಛೇರಿಗಳನ್ನು ಮಾಡದಿದ್ದರೇ ಚೆನ್ನಿತ್ತು. 1974ರ ನವೆಂಬರಿನಲ್ಲಿ ಜಪಾನಿನ ಸಪ್ಪೊರೊದಲ್ಲಿ ನಡೆದದ್ದು ಕೊನೆಯದು. 1977ರ ಸೆಪ್ಟೆಂಬರ್ 16ರಂದು ಪ್ಯಾರಿಸ್‌ನ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಐವತ್ತಮೂರು. ಸಿನಿಮಾ ಈ ಕೊನೆಯ ಭಾಗವನ್ನೇ ಹಿಡಿದುಕೊಂಡದ್ದರಿಂದ ನಿಮಗೆ ಸೋತ ಹೆಂಗಸಿನ ಚಿತ್ರ ಉಳಿದಿರಬಹುದು. ಅದಕ್ಕೇ ನಾನು 1949ರಲ್ಲಿ ಅಷ್ಟು ಹೊತ್ತು ನಿಂತೆ.

ಇನ್ನು ಎಲ್ಲಿಂದ ಕೇಳುವುದು. ಯೂಟ್ಯೂಬ್ ನಿಮಗೆ ಮೊದಲು ಕೊಡುವುದು ಬಹುಶಃ 'ಕಾಸ್ಟಾ ದಿವಾ', 'ನಾರ್ಮಾ' ಆಪೆರಾದ ಚಂದ್ರಪ್ರಾರ್ಥನೆ. ಕತೆ ತಿಳಿಯದೆ ಕೇಳಿದರೆ ಅದು ಒಂದು ಮಧುರ ಹಾಡು, ಅಷ್ಟೇ. ರೋಮನ್ನರ ಕೈಕೆಳಗಿರುವ ಗಾಲ್ ನಾಡು. ದಂಗೆ ಏಳೋಣ ಎಂದು ಜನ ಕುದಿಯುತ್ತಿದ್ದಾರೆ. ಮುಖ್ಯ ಪೂಜಾರಿಣಿ ನಾರ್ಮಾ ಇನ್ನೂ ಕಾಲ ಬಂದಿಲ್ಲ ಎಂದು ತಡೆದು ಚಂದ್ರನಿಗೆ ಶಾಂತಿ ಬೇಡುತ್ತಾಳೆ. ಆದರೆ ಆಕೆಗೆ ರೋಮನ್ ಅಧಿಕಾರಿಯಿಂದ ಗುಟ್ಟಾಗಿ ಎರಡು ಮಕ್ಕಳಾಗಿವೆ. ಶಾಂತಿ ಬೇಕಿರುವುದು ನಾಡಿಗೋ, ಅವಳಿಗೋ? ಕಲ್ಲಾಸ್ ಆ ಉದ್ದನೆಯ ಸಾಲುಗಳನ್ನು ಎಲ್ಲಿಯೂ ಒತ್ತಿ ಹೇಳದೆ ಹಾಡುತ್ತಾರೆ, ಆದರೂ ಒಳಗೊಂದು ಭಯ ಕೇಳಿಸುತ್ತದೆ. ಎತ್ತರದ ಸ್ವರದಲ್ಲಿ ಪದ ಮಸುಕಾಗುತ್ತದೆ ಎಂದೆನಲ್ಲ, ಅಲ್ಲಿಯೂ ಈಕೆಯ ವ್ಯಂಜನಗಳು ಉಳಿದಿರುವುದನ್ನು ಗಮನಿಸಿ. ನಾರ್ಮಾವನ್ನು ಆಕೆ 80ಕ್ಕೂ ಹೆಚ್ಚು ಸಲ ಹಾಡಿದ್ದಾರೆ, ಬೇರೆ ಯಾವ ಪಾತ್ರಕ್ಕಿಂತಲೂ ಹೆಚ್ಚು.

ಕಣ್ಣಿಗೂ ಕಾಣಬೇಕು ಎಂದಾದರೆ 1958ರ ಡಿಸೆಂಬರಿನ ಪ್ಯಾರಿಸ್ ಕಾರ್ಯಕ್ರಮದ ವಿಡಿಯೊ ನೋಡಿ. ಮೊದಲರ್ಧ ಬಿಡಿ ಹಾಡುಗಳು, ನಂತರ 'ಟೋಸ್ಕಾ'ದ ಎರಡನೆಯ ಅಂಕ ವೇಷಸಹಿತ, ಗೊಬ್ಬಿ ಎದುರು. ಧ್ವನಿ ಆಗಲೇ ಸ್ವಲ್ಪ ಸೊರಗಿದೆ. ಹಾಡು ಶುರುವಾಗುವ ಮೊದಲು, ವಾದ್ಯಮೇಳ ನುಡಿಸುತ್ತಿರುವಾಗ, ಆಕೆ ಸುಮ್ಮನೆ ನಿಂತಿರುವ ನಿಮಿಷಗಳನ್ನು ನೋಡಿ. ಸೆರಾಫಿನ್ ಹೇಳಿದ್ದೇನು ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಪೂರ್ಣ ಆಪೆರಾ ಕೇಳುವ ಧೈರ್ಯವಿದ್ದರೆ 1953ರ 'ಟೋಸ್ಕಾ'ದಿಂದ ಶುರುಮಾಡಿ. ಎರಡು ಗಂಟೆಯೂ ಇಲ್ಲ, ಕತೆ ಓಡುತ್ತದೆ. ಇಟಾಲಿಯನ್ ಸಾಹಿತ್ಯವನ್ನು ಅನುವಾದದ ಸಮೇತ ಎದುರಿಗಿಟ್ಟುಕೊಳ್ಳಿ. ಪದ ಬಿಟ್ಟು ಕಲ್ಲಾಸ್ ಕೇಳಿದರೆ ಅರ್ಧ ಮಾತ್ರ ದಕ್ಕುತ್ತದೆ. ಟ್ರಾವಿಯಾಟಾಕ್ಕೆ 1958ರ ಲಿಸ್ಬನ್ ರಂಗಮುದ್ರಣ. ಕ್ಷಯದಿಂದ ಸಾಯುತ್ತಿರುವ ವಯೊಲೆಟ್ಟಾ ಕೊನೆಯ ಹಾಡಿನ ಕೊನೆಯ ಸ್ವರವನ್ನು ಆರೋಗ್ಯವಂತ ಗಂಟಲಿನಿಂದ ಮೊಳಗಿಸುವುದು ಎಷ್ಟು ಸುಳ್ಳು ಎಂದು ಆಕೆಗೆ ಅನ್ನಿಸಿತ್ತು. ಅದನ್ನು ಎಳೆಯಷ್ಟು ತೆಳ್ಳಗೆ ಹಾಡುತ್ತಾರೆ, ಒಡೆದೇ ಹೋಗುತ್ತದೇನೋ ಅನ್ನುವ ಅಂಚಿನಲ್ಲಿ. ಕೆಲವು ಕೇಳುಗರು ಇದನ್ನೂ ಧ್ವನಿ ಹೋದದ್ದರ ಲೆಕ್ಕಕ್ಕೆ ಬರೆದರು.

ನೀವು ಸ್ವರದ ಕಿವಿ ಇರುವವರು, ಆದ್ದರಿಂದ ಇನ್ನೊಂದು ಕೆಲಸ ಮಾಡಿ. 'ನಾರ್ಮಾ'ವನ್ನು ಆಕೆ ಸೆರಾಫಿನ್ ಜೊತೆ ಎರಡು ಸಲ ಸ್ಟುಡಿಯೊದಲ್ಲಿ ಮುದ್ರಿಸಿದರು, 1954ರಲ್ಲಿ ಮತ್ತು 1960ರಲ್ಲಿ. ಎರಡರ 'ಕಾಸ್ಟಾ ದಿವಾ'ವನ್ನೂ ಒಂದಾದ ಮೇಲೊಂದು ಹಾಕಿ. ಮೊದಲನೆಯದರಲ್ಲಿ ಮೇಲಿನ ಸ್ವರ ಕಬ್ಬಿಣದಂತೆ ನಿಲ್ಲುತ್ತದೆ. ಎರಡನೆಯದರಲ್ಲಿ ತೂಗಾಡುತ್ತದೆ, ಆದರೆ ಸಾಲು ಸಾಲಿನ ನಡುವೆ ಮೊದಲು ಇಲ್ಲದ ಮೃದುತ್ವ ಬಂದಿದೆ. ಯಾವುದು ಮೇಲು ಎಂದು ರಸಿಕರ ನಡುವೆ ಅರವತ್ತು ವರ್ಷದಿಂದ ಜಗಳ ನಡೆದಿದೆ. ನನ್ನನ್ನು ಕೇಳಿದರೆ ಎರಡೂ ಅಲ್ಲ. 1955ರ ಡಿಸೆಂಬರ್ 7ರಂದು ಲಾ ಸ್ಕಾಲಾದಲ್ಲಿ ಮಾರಿಯೊ ದೆಲ್ ಮೊನಾಕೊ, ಜುಲಿಯೆಟ್ಟಾ ಸಿಮಿಯೊನಾಟೊ ಜೊತೆ ಹಾಡಿದ ರಾತ್ರಿಯ ಮುದ್ರಣ ಇದೆ. ಶಬ್ದದ ಗುಣಮಟ್ಟ ಸಾಧಾರಣ, ಜನ ಕೆಮ್ಮುವುದೂ ಕೇಳಿಸುತ್ತದೆ. ಬಲವೂ ಆ ಮೃದುತ್ವವೂ ಒಟ್ಟಿಗೆ ಇರುವುದು ಅಲ್ಲಿ ಮಾತ್ರ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೊನೆಗೆ ಕೇಳಿ.